ವೇಷವಿಲ್ಲದ ಪಾತ್ರ

ಮಕ್ಕಳು ಆಡುವ ಅಡುಗೆಯಾಟವನ್ನು ನೋಡದವರು ಯಾರಿದ್ದಾರೆ? ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಪಾಯಸ, ಹಲಸಿನೆಲೆಯ ಮೇಲೆ ಮರಳಿನ ಅನ್ನ. ಐದು ವರ್ಷದ ಗೃಹಿಣಿ ಬಡಿಸುತ್ತಾಳೆ. ಆರು ವರ್ಷದ ಅತಿಥಿ ಚಿಪ್ಪನ್ನು ತುಟಿಯ ಬಳಿಗೆ ತಂದು, ‘ಅಬ್ಬ, ಎಷ್ಟು ಬಿಸಿ!’ ಎಂದು ಹಿಂದಕ್ಕೆ ಸರಿಯುತ್ತಾನೆ. ಆ ಒಂದು ಮಾತಿಗೆ ಇಲ್ಲದ ಒಲೆ ಉರಿಯತೊಡಗುತ್ತದೆ. ‘ತಾಳು, ಆರಿಸಿ ಕೊಡುತ್ತೇನೆ’ ಎಂದು ಗೃಹಿಣಿ ಊದಲಾರಂಭಿಸುತ್ತಾಳೆ. ಆಟ ಹೀಗೆ ಬೆಳೆಯುತ್ತಿರುವಾಗ ಮತ್ತೊಬ್ಬ ಹುಡುಗ ಬಂದು ಚಿಪ್ಪಿನೊಳಗೆ ಇಣಿಕಿ, ‘ಇದರಲ್ಲೇನಿದೆ? ಬರಿಯ ಮಣ್ಣು’ ಎಂದನೋ, ಎಲ್ಲವೂ ಮಣ್ಣಾಯಿತು. ಅವನು ಹೇಳಿದ್ದು ಸತ್ಯವೇ. ಆದರೂ ಅಲ್ಲಿದ್ದವರಲ್ಲಿ ಆಡಲು ಬಾರದವನು ಅವನೊಬ್ಬನೇ.

ಇನ್ನೊಬ್ಬನಾಗಿ ಮಾತನಾಡುವ, ಇನ್ನೊಬ್ಬನಾಗಿ ನಡೆದುಕೊಳ್ಳುವ ಈ ಆಟ ಬಾಲ್ಯದೊಡನೆ ಮುಗಿದುಹೋಗುವುದಿಲ್ಲ. ದೊಡ್ಡವರಾದ ಮೇಲೆ ನಾವು ಅದಕ್ಕೆ ಬೇರೆ ಹೆಸರುಗಳನ್ನಿಟ್ಟು ಆಡುತ್ತೇವೆ, ಅಷ್ಟೆ. ಈ ಆಟವನ್ನು ಚೆನ್ನಾಗಿ ಆಡುವುದೆಂದರೆ ಏನು? ಕೆಟ್ಟದಾಗಿ ಆಡುವುದೆಂದರೆ ಏನು? ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದಕ್ಕೆ ಸ್ವಂತದ ಕಾರಣವೊಂದುಂಟು. ಅದನ್ನು ಮುಂದೆ ಹೇಳುತ್ತೇನೆ. ಮರೆಯಲೆಂದು ಬದಿಗಿಟ್ಟಿದ್ದ ಆ ಪ್ರಶ್ನೆಯನ್ನು ಮತ್ತೆ ಎಬ್ಬಿಸಿದವರು ನನ್ನ ವಿದ್ಯಾರ್ಥಿಗಳು.

ಕಳೆದ ಮಳೆಗಾಲದ ಒಂದು ಶನಿವಾರ. ತರಗತಿಗಳು ಮುಗಿದಿದ್ದವು. ಕೊಡೆ ಮರೆತು ಬಂದಿದ್ದ ನಾನು, ಮಳೆ ನಿಲ್ಲುವವರೆಗೆ ಕುಳಿತಿರೋಣವೆಂದು ವಾಚನಾಲಯದ ಪಕ್ಕದ ಕೋಣೆಗೆ ಹೋದೆ. ಐವರು ವಿದ್ಯಾರ್ಥಿಗಳು ಮೇಜಿನ ಸುತ್ತ ಕುಳಿತಿದ್ದರು. ಮೇಜಿನ ಮೇಲೆ ಕೆಲವು ಕಾಗದಗಳು, ಪೆನ್ಸಿಲುಗಳು, ಬಣ್ಣಬಣ್ಣದ ದಾಳಗಳು. ಒಂದು ದಾಳಕ್ಕಂತೂ ೨೦ ಮುಖಗಳು. ಒಬ್ಬ ಹುಡುಗ ಗಂಭೀರವಾಗಿ ಹೇಳುತ್ತಿದ್ದ: ‘ಸೇತುವೆ ಮುರಿದಿದೆ. ಹೊಳೆ ತುಂಬಿ ಹರಿಯುತ್ತಿದೆ. ಆಚೆಯ ದಡದಲ್ಲಿ ಯಾರೋ ದೀಪ ಹಿಡಿದು ನಿಂತಿದ್ದಾರೆ. ನೀವೇನು ಮಾಡುವಿರಿ?’ ಉಳಿದ ನಾಲ್ವರು ನಿಜವಾಗಿಯೂ ಹೊಳೆಯ ದಡದಲ್ಲಿ ನಿಂತವರಂತೆ ಯೋಚನೆಗೆ ಬಿದ್ದರು. ನನ್ನನ್ನು ಕಂಡು ಏಳಲು ಹೊರಟವರನ್ನು ಕುಳ್ಳಿರಿಸಿ, ‘ಮುಂದುವರಿಸಿ’ ಎಂದೆ. ಮಳೆ ನಿಂತ ಮೇಲೆಯೂ ಒಂದು ಗಂಟೆ ಅಲ್ಲಿಯೇ ಕುಳಿತಿದ್ದೆ.

ಆ ಆಟದ ಚರಿತ್ರೆಯನ್ನು ಆಮೇಲೆ ಓದಿ ತಿಳಿದೆ. ಅದರ ಬೇರು ಯುದ್ಧದಲ್ಲಿದೆ. ಪ್ರಷ್ಯ ದೇಶದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ೧೮೨೪ರಲ್ಲಿ, ಭೂಪಟದ ಮೇಲೆ ದಾಳಗಳನ್ನು ಉರುಳಿಸಿ ಯುದ್ಧವನ್ನು ಅಭ್ಯಾಸ ಮಾಡುವ ಕ್ರೀಡೆಯೊಂದರ ನಿಯಮಗಳನ್ನು ಪ್ರಕಟಿಸಿದ. ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥ. ಅವನ ತೀರ್ಪೇ ಕೊನೆಯದು. ಸೈನಿಕರ ಈ ಅಭ್ಯಾಸ ಕಾಲಾಂತರದಲ್ಲಿ ನಾಗರಿಕರ ವಿನೋದವಾಯಿತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ೧೯೭೪ರಲ್ಲಿ ಅದಕ್ಕೆ ಹೊಸ ರೂಪ ಕೊಟ್ಟು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಲ್ಲಿ ಹೊರತಂದರು. ಮೊದಲ ಮುದ್ರಣ ೧,೦೦೦ ಪ್ರತಿಗಳು. ಅವರು ಮಾಡಿದ ಮಾರ್ಪಾಡು ಮೇಲುನೋಟಕ್ಕೆ ಸಣ್ಣದು. ಆಟಗಾರನು ಒಂದು ಸೈನ್ಯವನ್ನು ನಡೆಸುವುದರ ಬದಲು ಒಬ್ಬನೇ ಒಬ್ಬ ವ್ಯಕ್ತಿಯಾಗಬೇಕು. ಆ ವ್ಯಕ್ತಿಗೆ ಹೆಸರುಂಟು, ಬಲವುಂಟು, ಬುದ್ಧಿಯುಂಟು. ಇವು ಎಷ್ಟೆಷ್ಟೆಂಬುದನ್ನು ಆಟದ ಆರಂಭದಲ್ಲಿ ೩ ದಾಳಗಳನ್ನು ಎಸೆದು ನಿರ್ಣಯಿಸುತ್ತಿದ್ದರು. ಮಧ್ಯಸ್ಥನೇ ಈಗ ಕಥೆ ಹೇಳುವ ಯಜಮಾನನಾದ. ಅವನು ಸಂದರ್ಭವನ್ನು ವರ್ಣಿಸುತ್ತಾನೆ. ಪಾತ್ರಧಾರಿಗಳು ತಾವೇನು ಮಾಡುವೆವು, ಏನು ನುಡಿಯುವೆವು ಎಂಬುದನ್ನು ಹೇಳುತ್ತಾರೆ. ಫಲ ಸಂದೇಹಾಸ್ಪದವಾದಲ್ಲಿ ದಾಳ ತೀರ್ಮಾನಿಸುತ್ತದೆ. ಬರೆದಿಟ್ಟ ಸಂಭಾಷಣೆಯಿಲ್ಲ, ರಂಗವಿಲ್ಲ, ಪ್ರೇಕ್ಷಕರಿಲ್ಲ. ಕೊನೆಯಲ್ಲಿ ಇಂಥವನು ಗೆದ್ದ, ಇಂಥವನು ಸೋತ ಎಂಬುದೂ ಇಲ್ಲ.

ಇದೆಲ್ಲ ಪರದೇಶದ ಸರಕೆಂದು ಕೆಲವರಿಗೆ ತೋರಬಹುದು. ನನಗೆ ಮಾತ್ರ ಆ ಕೋಣೆಯಲ್ಲಿ ಕುಳಿತಷ್ಟು ಹೊತ್ತೂ ಚೆಂಡೆಯ ಸದ್ದೊಂದೇ ಕಡಮೆಯಾಗಿದೆ ಎನ್ನಿಸುತ್ತಿತ್ತು. ನಮ್ಮ ಕರಾವಳಿಯಲ್ಲಿ ಬಯಲಾಟವನ್ನು ‘ಆಟ’ ಎನ್ನುತ್ತೇವೆ. ತಾಳಮದ್ದಳೆಯನ್ನು ‘ಕೂಟ’ ಎನ್ನುತ್ತೇವೆ. ಆಟಕ್ಕೆ ವೇಷವುಂಟು, ಕುಣಿತವುಂಟು. ಕೂಟಕ್ಕೆ ಅವೆರಡೂ ಇಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದಿರಾಗಿ ಕುಳಿತ ಅರ್ಥಧಾರಿಗಳು, ಉಟ್ಟ ಪಂಚೆ ಹೊದ್ದ ಶಾಲಿನಲ್ಲಿಯೇ, ರಾಮನಾಗಿ ವಾಲಿಯಾಗಿ ಕೃಷ್ಣನಾಗಿ ಕೌರವನಾಗಿ ಮಾತನಾಡುತ್ತಾರೆ. ಪದ್ಯ ಸಿದ್ಧವಾದದ್ದು, ಮಾತು ಆ ಕ್ಷಣದ್ದು. ಕಥೆ ಎಲ್ಲಿಗೆ ಮುಟ್ಟಬೇಕೆಂಬುದು ಎಲ್ಲರಿಗೂ ಗೊತ್ತು. ಹೇಗೆ ಮುಟ್ಟುವುದೆಂಬುದು ಯಾರಿಗೂ ಗೊತ್ತಿಲ್ಲ. ಕೂಟಕ್ಕೂ ವಿದ್ಯಾರ್ಥಿಗಳ ಆಟಕ್ಕೂ ಇರುವ ಭೇದವೂ ಇಲ್ಲಿಯೇ. ನಮ್ಮಲ್ಲಿ ಕೊನೆ ನಿಶ್ಚಿತ, ಅವರಲ್ಲಿ ಅನಿಶ್ಚಿತ. ನಮ್ಮಲ್ಲಿ ಕೇಳುವ ಸಭೆಯುಂಟು. ಅವರಲ್ಲಿ ಆಡುವವರೇ ಸಭೆ. ಆದರೆ ಮನುಷ್ಯನು ವೇಷದ ನೆರವಿಲ್ಲದೆ, ಕಂಠಪಾಠದ ಆಸರೆಯಿಲ್ಲದೆ, ಎದುರಿಗಿರುವವನ ಮಾತನ್ನೇ ನಂಬಿ ಇನ್ನೊಬ್ಬನಾಗಬೇಕೆಂಬುದು ಎರಡರಲ್ಲಿಯೂ ಸಮಾನ. ಆದುದರಿಂದ ಗುಣವೂ ದೋಷವೂ ಎರಡರಲ್ಲಿ ಒಂದೇ ಬಗೆಯವು.

ಇನ್ನು ನನ್ನ ಕಥೆ. ಸುಮಾರು ೧೫ ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ‘ವಾಲಿವಧೆ’ಯ ಕೂಟವಾಯಿತು. ನಾನು ಕಾಲೇಜಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಎಂ.ಎ. ಮಾಡಿದವನೆಂಬ ಬಿಂಕ ತಲೆಯಲ್ಲಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಧ್ವನಿಮುದ್ರಿಕೆಯಲ್ಲಿ ಮತ್ತೆಮತ್ತೆ ಕೇಳಿದ್ದೆ. ವಾಲಿಯ ಅರ್ಥ ನನ್ನ ಪಾಲಿಗೆ ಬಂತು. ರಾಮನಾಗಿ ಕುಳಿತವರು ಪಕ್ಕದ ಹಳ್ಳಿಯ ಶಾಲೆಗೆ ಹೊಸದಾಗಿ ಬಂದಿದ್ದ ತರುಣ ಉಪಾಧ್ಯಾಯರು. ಅವರಿಗೆ ಅದು ಎರಡನೆಯದೋ ಮೂರನೆಯದೋ ಕೂಟ.

ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಸಂದರ್ಭ ಎಂಥದೆಂಬುದು ಓದುಗರಿಗೆ ತಿಳಿದದ್ದೇ. ‘ನಿನಗೆ ನಾನು ಮಾಡಿದ ಅಪರಾಧವೇನು? ಇನ್ನೊಬ್ಬನೊಡನೆ ಕಾದುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯಧರ್ಮ? ನನ್ನನ್ನೇ ಕೇಳಿದ್ದರೆ ನಿನ್ನ ಮಡದಿಯನ್ನು ನಾನೇ ತಂದೊಪ್ಪಿಸುತ್ತಿರಲಿಲ್ಲವೆ?’—ವಾಲ್ಮೀಕಿಯ ಕಾಲದಿಂದಲೂ ಈ ಪ್ರಶ್ನೆಗಳು ಹಾಗೆಯೇ ನಿಂತಿವೆ. ರಾಮನ ಬಳಿಯೂ ಉತ್ತರಗಳುಂಟು. ತಮ್ಮನ ಹೆಂಡತಿಯಾದ ರುಮೆಯನ್ನು ವಾಲಿ ತನ್ನವಳಾಗಿ ಮಾಡಿಕೊಂಡದ್ದು ಅವುಗಳಲ್ಲಿ ಮುಖ್ಯವಾದದ್ದು. ತರುಣರು ಅದನ್ನು ಮೆಲ್ಲನೆ, ಆದರೆ ಸರಿಯಾಗಿಯೇ ಹೇಳತೊಡಗಿದರು. ನಾನು ಅವರನ್ನು ಹೇಳಗೊಡಲಿಲ್ಲ. ಅರ್ಧ ವಾಕ್ಯದಲ್ಲಿ ತಡೆದು, ‘ಇದಕ್ಕೆ ಯಾವ ಸ್ಮೃತಿ ಪ್ರಮಾಣ?’ ಎಂದೆ. ಅವರು ಒಂದನ್ನು ಹೆಸರಿಸಿದರು. ‘ಅದು ಕಪಿಗಳಿಗೆ ಅನ್ವಯಿಸುವುದೋ?’ ಎಂದೆ. ಸಭೆ ನಕ್ಕಿತು. ನಗೆ ಕೇಳಿ ನನ್ನ ನಾಲಗೆ ಇನ್ನಷ್ಟು ಹರಿತವಾಯಿತು. ವ್ಯಾಕರಣದ ಒಂದು ತಪ್ಪನ್ನು ಹಿಡಿದು ಎತ್ತಿ ತೋರಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ರಾಮನು ಮಾತನಾಡಲಿಲ್ಲ. ಮಾತನಾಡಲು ಬಾಯಿ ತೆರೆದರು, ತುಟಿ ಅಲುಗಿತು, ಧ್ವನಿ ಬರಲಿಲ್ಲ. ಆ ಮೌನ ಎಷ್ಟು ಹೊತ್ತಿನದೋ, ನನಗೆ ಆಗ ಅದು ಸವಿಯಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಕೊನೆಗೆ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡು ಅವರ ಮಾನ ಉಳಿಸಿದರು.

ಕೂಟ ಮುಗಿದ ಮೇಲೆ ಹಲವರು ಬಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕರೊಬ್ಬರು ಮಾತ್ರ ಚಪ್ಪಲಿ ಹುಡುಕುತ್ತ, ನನ್ನ ಕಡೆ ನೋಡದೆಯೇ, ‘ವಾಲಿ ಸಾಯಲೇ ಇಲ್ಲವಲ್ಲ ಮಾರಾಯರೆ, ಸತ್ತದ್ದು ರಾಮ’ ಎಂದರು. ಅದನ್ನೂ ನಾನು ಮೆಚ್ಚುಗೆಯೆಂದೇ ಎಣಿಸಿದೆ. ಅದರ ಅರ್ಥ ಹೊಳೆದದ್ದು ಬಹಳ ತಡವಾಗಿ. ತರುಣ ಉಪಾಧ್ಯಾಯರು ಆ ಬಳಿಕ ಯಾವ ಕೂಟದಲ್ಲಿಯೂ ಅರ್ಥ ಹೇಳಲು ಕೂರಲಿಲ್ಲ.

ಅಂದು ನಾನು ಮಾಡಿದ ತಪ್ಪೇನು? ವಾಲಿಯು ವಾದಿಸಬಾರದಿತ್ತೆ? ವಾದಿಸಲೇಬೇಕು, ಅದು ಅವನ ಪಾತ್ರ. ಹಾಗಾದರೆ ಜಾಣತನ ಹೆಚ್ಚಾಯಿತೆ? ಅದೂ ಅಲ್ಲ. ವಾಲಿಗೆ ಆ ಪ್ರಶ್ನೆಗಳ ಉತ್ತರ ಬೇಕಾಗಿತ್ತು, ನನಗೆ ಬೇಕಾಗಿರಲಿಲ್ಲ. ಸಾಯುತ್ತಿರುವವನು ತಾನೇಕೆ ಸಾಯುತ್ತಿದ್ದೇನೆಂದು ತಿಳಿಯಬಯಸುತ್ತಾನೆ. ತಿಳಿದ ಮೇಲೆ ಮಗನಾದ ಅಂಗದನನ್ನು ಕೊಂದವನ ರಕ್ಷೆಗೇ ಒಪ್ಪಿಸುತ್ತಾನೆ. ಅಲ್ಲಿಯೇ ವಾಲಿಯ ಹಿರಿಮೆ. ನಾನು ಅಲ್ಲಿ ವಾಲಿಯಾಗಿರಲೇ ಇಲ್ಲ. ವಾಲಿಯ ಹೆಸರು ಹೇಳಿಕೊಂಡು ಕುಳಿತ ಕಾಲೇಜು ಉಪನ್ಯಾಸಕನಾಗಿದ್ದೆ. ಎದುರಿಗಿದ್ದವರನ್ನು ಕೂಡ ರಾಮನೆಂದು ಕಾಣದೆ, ಹಳ್ಳಿಯ ಶಾಲೆಯ ಎಳೆಯ ಉಪಾಧ್ಯಾಯರೆಂದೇ ಕಂಡಿದ್ದೆ.

ಫ್ರಾನ್ಸಿನ ರೋಜೆ ಕೈಲ್ವಾ ಎಂಬ ವಿದ್ವಾಂಸ ೧೯೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ಆಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ: ಸ್ಪರ್ಧೆಯ ಆಟ, ಅದೃಷ್ಟದ ಆಟ, ಅನುಕರಣದ ಆಟ, ತಲೆತಿರುಗಿಸುವ ಆಟ. ಉಯ್ಯಾಲೆ ಕೊನೆಯ ಬಗೆಗೆ ಸೇರಿದ್ದು; ಪಗಡೆಯಲ್ಲಿ ಮೊದಲೆರಡು ಕೂಡಿವೆ. ಪಾತ್ರ ವಹಿಸುವ ಆಟ ಮುಖ್ಯವಾಗಿ ಅನುಕರಣದ ಆಟ. ವಿದ್ಯಾರ್ಥಿಗಳ ಮೇಜಿನ ಮೇಲೆ ಅದೃಷ್ಟವೂ ಇಪ್ಪತ್ತು ಮುಖದ ದಾಳವಾಗಿ ಕುಳಿತಿರುತ್ತದೆ. ಕೂಟದಲ್ಲಿ ಸ್ಪರ್ಧೆಯೂ ಸೇರಿಕೊಳ್ಳುತ್ತದೆ. ಅಡುಗೆಗೆ ಉಪ್ಪಿನಂತೆ ಇವೂ ಬೇಕು. ಆದರೆ ಸ್ಪರ್ಧೆಯೇ ಮೇಲಾದರೆ ಪಾತ್ರ ಕರಗಿಹೋಗುತ್ತದೆ, ಗೆಲ್ಲಬೇಕೆಂಬ ಮನುಷ್ಯನೊಬ್ಬ ಉಳಿಯುತ್ತಾನೆ. ಪಾತ್ರಗಳು ಪರಸ್ಪರ ಹಗೆಗಳಾಗಿರಬಹುದು. ಪಾತ್ರಧಾರಿಗಳು ಮಿತ್ರರಾಗಿದ್ದಾಗ ಮಾತ್ರ ಆ ಹಗೆತನ ಸೊಗಸುತ್ತದೆ. ಇದು ನಾನು ಕಂಡ ಮೊದಲನೆಯ ದೋಷ; ಅದು ನನ್ನದೇ.

ಎರಡನೆಯ ದೋಷವನ್ನು ಆ ಶನಿವಾರದ ಕೋಣೆಯಲ್ಲಿ ಕಂಡೆ. ನಾಲ್ವರು ಪಾತ್ರಧಾರಿಗಳಲ್ಲಿ ಒಬ್ಬನದು ಕಳ್ಳನ ಪಾತ್ರ. ಹೊಳೆಯನ್ನು ದಾಟುವ ಮೊದಲೇ ಅವನು ತನ್ನ ಜೊತೆಗಾರರ ಗಂಟನ್ನೇ ಕದ್ದ. ಉಳಿದವರು ಮುಖ ಬಾಡಿಸಿಕೊಂಡು, ‘ಇದೇಕೆ?’ ಎಂದರೆ, ‘ನಾನೇನು ಮಾಡಲಿ? ನನ್ನ ಪಾತ್ರದ ಸ್ವಭಾವವೇ ಹಾಗೆ’ ಎಂದ. ಮೇಲುನೋಟಕ್ಕೆ ಇದು ಪಾತ್ರನಿಷ್ಠೆಯಂತೆ ಕಾಣುತ್ತದೆ. ಆದರೆ ಆ ಸ್ವಭಾವವನ್ನು ಕೊಟ್ಟವರು ಯಾರು? ಅವನೇ ತಾನೆ? ಕಳ್ಳರಲ್ಲಿ ನೂರು ಬಗೆ. ಜೊತೆಗಾರರಿಗಾಗಿ ಕದಿಯುವವನು, ಕದ್ದು ಪಶ್ಚಾತ್ತಾಪಪಡುವವನು, ಕದಿಯಲು ಹೋಗಿ ಸಿಕ್ಕಿಬೀಳುವವನು—ಇವರಲ್ಲಿ ಯಾರನ್ನಾದರೂ ಆರಿಸಿಕೊಳ್ಳಬಹುದಾಗಿತ್ತು. ಗೆಳೆಯರಿಗೆ ಮಾಡಿದ ಕಿರುಕುಳಕ್ಕೆ ಪಾತ್ರವನ್ನು ಗುರಾಣಿಯಾಗಿ ಹಿಡಿಯುವುದು ಪಾತ್ರವಹಿಸುವುದಲ್ಲ, ಪಾತ್ರದ ಹಿಂದೆ ಅಡಗುವುದು. ವಾಲಿಯನ್ನು ಮರೆಯಲ್ಲಿ ನಿಂತು ಹೊಡೆದದ್ದಾದರೂ ಕಥೆ ಮುಂದುವರಿಯಲೆಂದು. ಈ ಮರೆಗೆ ಆ ಸಮರ್ಥನೆಯೂ ಇಲ್ಲ.

ಮೂರನೆಯ ದೋಷ, ಪಾತ್ರದಲ್ಲಿ ಕಾಲೂರದಿರುವುದು. ಅಡುಗೆಯಾಟವನ್ನು ಕೆಡಿಸಿದ ಹುಡುಗನ ದೋಷ ಇದೇ. ಹಾಲೆಂಡಿನ ಇತಿಹಾಸಕಾರ ಹೈಜಿಂಗಾ ೧೯೩೮ರಲ್ಲಿ ಆಟದ ಕುರಿತು ಬರೆದ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ಮೋಸದಿಂದ ಆಡುವವನು ಆಟದ ಲೋಕವನ್ನು ಒಪ್ಪಿದಂತೆಯಾದರೂ ನಟಿಸುತ್ತಾನೆ; ಆಟಗೇಡಿಯು ಆ ಲೋಕವನ್ನೇ ಒಡೆಯುತ್ತಾನೆ. ಆದುದರಿಂದಲೇ ಜನ ಮೊದಲನೆಯವನನ್ನು ಕ್ಷಮಿಸಿದಷ್ಟು ಸುಲಭವಾಗಿ ಎರಡನೆಯವನನ್ನು ಕ್ಷಮಿಸುವುದಿಲ್ಲ. ಕೌರವನ ಅರ್ಥ ಹೇಳುತ್ತ ನಡುವೆ ಊರಿನ ಚುನಾವಣೆಯನ್ನು ತಂದು ಸಭೆಯನ್ನು ನಗಿಸುವವರನ್ನು ಕಂಡಿದ್ದೇವೆ. ನಗೆ ಬರುತ್ತದೆ, ನಿಜ. ಆದರೆ ಮತ್ತೆ ಹಸ್ತಿನಾವತಿಗೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಔಚಿತ್ಯಭಂಗದ ಹೊರತು ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬ ಆನಂದವರ್ಧನನ ನಿಲುವನ್ನು ತರಗತಿಯಲ್ಲಿ ವರ್ಷಕ್ಕೊಮ್ಮೆ ನಾನು ಪಾಠ ಮಾಡುತ್ತೇನೆ. ಅದು ಕಾವ್ಯಕ್ಕೆ ಎಷ್ಟು ಸಲ್ಲುವುದೋ ಐದು ವರ್ಷದ ಮಗುವಿನ ಅಡುಗೆಮನೆಗೂ ಅಷ್ಟೇ ಸಲ್ಲುತ್ತದೆ.

ದೋಷಗಳನ್ನು ಎಣಿಸಿದ್ದಾಯಿತು. ಗುಣವೆಂದರೆ ಯಾವುದು? ಕಂಠವನ್ನು ಬದಲಿಸುವುದು, ಭಾಷೆಯನ್ನು ಅಲಂಕರಿಸುವುದು, ಕಣ್ಣೀರು ತರಿಸುವುದು—ಇವು ಗುಣಗಳೆಂದು ಬಹುಮಂದಿ ಭಾವಿಸುತ್ತಾರೆ. ಇವು ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ. ಆ ಕೋಣೆಯಲ್ಲಿ ಮುದಿ ಯೋಧನ ಪಾತ್ರ ವಹಿಸಿದ್ದ ಹುಡುಗಿ ತನ್ನ ಸಹಜ ಧ್ವನಿಯಲ್ಲಿಯೇ, ಮಂಗಳೂರಿನ ಆಡುಮಾತಿನಲ್ಲಿಯೇ ಮಾತನಾಡುತ್ತಿದ್ದಳು. ಆದರೆ ತನ್ನ ಯೋಧನಿಗೆ ಏನು ಬೇಕು, ಅವನು ಯಾವುದಕ್ಕೆ ಅಂಜುತ್ತಾನೆ ಎಂಬೆರಡನ್ನು ಅವಳು ಬಲ್ಲಳು. ಅವನಿಗೆ ಮೊಣಕಾಲು ನೋವು. ಹಿಂದೊಮ್ಮೆ ಇಂಥದೇ ಹೊಳೆಯಲ್ಲಿ ಗೆಳೆಯನೊಬ್ಬ ಕೊಚ್ಚಿಹೋಗಿದ್ದ. ‘ನಾನು ನೀರಿಗಿಳಿಯುವುದಿಲ್ಲ’ ಎಂದು ಅವಳು ಹೇಳಿದಾಗ ಅದು ಹಟವಾಗಿರಲಿಲ್ಲ, ನೆನಪಾಗಿತ್ತು. ಪಾತ್ರದ ಬಲವನ್ನು ತೋರಿಸುವವರು ಬಹಳ. ಅದರ ಬಲಹೀನತೆಯನ್ನು ಸಂತೋಷದಿಂದ ಹೊರುವವರು ವಿರಳ.

ಅದಕ್ಕಿಂತ ದೊಡ್ಡ ಗುಣವೊಂದನ್ನು ಅವಳಲ್ಲಿಯೇ ಕಂಡೆ. ನಾಲ್ವರಲ್ಲಿ ಒಬ್ಬ ಹುಡುಗ ಅದುವರೆಗೆ ತುಟಿ ಬಿಚ್ಚಿರಲಿಲ್ಲ. ಅವನದು ವೈದ್ಯನ ಪಾತ್ರ. ಅವಳು ನೀರಿಗಿಳಿಯೆನೆಂದವಳು ಒಂದು ಕ್ಷಣ ತಡೆದು, ಅವನ ಕಡೆ ತಿರುಗಿ, ‘ವೈದ್ಯರೆ, ಅಂದು ನನ್ನ ಗೆಳೆಯ ಹೋದಾಗ ದಡದಲ್ಲಿದ್ದವರು ನೀವೊಬ್ಬರೇ. ನೀವು ಹೇಳಿ, ಇಳಿಯಲೆ?’ ಎಂದಳು. ಹುಡುಗ ಬೆಚ್ಚಿದ, ಕಾಗದವನ್ನು ನೋಡಿದ, ದಾಳವನ್ನು ಹೊರಳಿಸಿದ. ಆಮೇಲೆ ಮೆಲ್ಲನೆ, ‘ನನ್ನ ಹೆಗಲು ಹಿಡಿದುಕೊಳ್ಳಿ. ಅಂದು ನಾನು ಕೈ ಚಾಚಲಿಲ್ಲ’ ಎಂದ. ಕಳ್ಳನ ಪಾತ್ರದವನೂ ಕದ್ದ ಗಂಟನ್ನು ಮರೆತು ಕಿವಿಗೊಟ್ಟ. ಯಜಮಾನನಾದ ಹುಡುಗ ಏನನ್ನೋ ಹೇಳಲು ಹೊರಟವನು ಹಾಗೆಯೇ ಸುಮ್ಮನಾದ. ಅವನ ಆ ಸುಮ್ಮನಿರುವಿಕೆಯೂ ಒಳ್ಳೆಯ ಆಟವೇ ಎಂದು ನನಗನ್ನಿಸಿತು. ಭಾಗವತರಿಗೆ ಪದ್ಯವನ್ನು ಯಾವಾಗ ಎತ್ತಬೇಕೆಂಬುದು ತಿಳಿದಿರುವಂತೆ, ಯಾವಾಗ ಎತ್ತಬಾರದೆಂಬುದೂ ತಿಳಿದಿರಬೇಕಲ್ಲವೆ?

ಇಂಗ್ಲೆಂಡಿನ ರಂಗಶಿಕ್ಷಕ ಕೀತ್ ಜಾನ್‌ಸ್ಟನ್ ೧೯೭೯ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆಶುನಾಟಕದ ಮರ್ಮವನ್ನು ವಿವರಿಸಿದ್ದಾನೆ. ಜೊತೆಯ ನಟನು ಆಡಿದ ಪ್ರತಿಯೊಂದು ಮಾತೂ ಒಂದು ಕೊಡುಗೆ. ಅದನ್ನು ಸ್ವೀಕರಿಸಿ ಬೆಳೆಸಬಹುದು, ಇಲ್ಲವೆ ತಡೆದು ಕೊಲ್ಲಬಹುದು. ‘ಅಬ್ಬ, ಎಷ್ಟು ಬಿಸಿ’ ಎಂಬುದು ಕೊಡುಗೆ. ‘ಆರಿಸಿ ಕೊಡುತ್ತೇನೆ’ ಎಂಬುದು ಸ್ವೀಕಾರ. ‘ಬರಿಯ ಮಣ್ಣು’ ಎಂಬುದು ಕೊಲೆ. ನಮ್ಮ ಹಿರಿಯ ಅರ್ಥಧಾರಿಗಳು ಈ ಪುಸ್ತಕವನ್ನು ಓದಬೇಕಾಗಿರಲಿಲ್ಲ. ಎದುರಾಳಿಯ ಮಾತಿನ ತುದಿಯನ್ನು ಹಿಡಿದು ತನ್ನ ಮಾತನ್ನು ಆರಂಭಿಸುವುದು, ಎಳೆಯರು ತಡವರಿಸಿದಾಗ ಉತ್ತರ ಅಡಗಿರುವಂಥ ಪ್ರಶ್ನೆಯನ್ನೇ ಕೇಳಿ ಅವರನ್ನು ದಡ ಮುಟ್ಟಿಸುವುದು—ಇದನ್ನು ಬಲ್ಲವರ ಕೂಟವನ್ನು ನಾನು ಕೇಳಿದ್ದೇನೆ. ಕೇಳಿಯೂ ಕಲಿತಿರಲಿಲ್ಲ. ಅವರ ಮಾತನ್ನು ಬಾಯಿಪಾಠ ಮಾಡಿದ್ದೆ. ಅವರು ಸುಮ್ಮನಿದ್ದ ಗಳಿಗೆಗಳನ್ನು ಗಮನಿಸಿರಲಿಲ್ಲ.

ಆಟವೆಂದ ಮೇಲೆ ಇಷ್ಟೆಲ್ಲ ಚಿಂತೆಯೇಕೆ ಎಂದು ಕೇಳುವವರಿರಬಹುದು. ಆಟದಲ್ಲಿ ಏರಿದ ಪಾತ್ರವನ್ನು ಆಟ ಮುಗಿದ ಮೇಲೆ ಇಳಿಸಿ ಬರುತ್ತೇವೆ. ಆದರೆ ಪಾತ್ರದ ಹೆಸರಿನಲ್ಲಿ ಎದುರಿಗಿದ್ದ ಮನುಷ್ಯನಿಗೆ ತಗುಲಿಸಿದ ಗಾಯ ಪಾತ್ರದೊಡನೆ ಇಳಿಯುವುದಿಲ್ಲ. ರಾಮನಿಗೆ ನಾನು ಹೇಳಿದ ಮಾತುಗಳಿಂದ ರಾಮನಿಗೇನೂ ಆಗಲಿಲ್ಲ. ಅವನ ಮಾತನ್ನು ಹೇಳಲು ಕುಳಿತ ಒಬ್ಬರು ಹದಿನೈದು ವರ್ಷ ಮೌನವಾಗಿಬಿಟ್ಟರು.

ಕಳೆದ ತಿಂಗಳು ಊರಿನಲ್ಲಿ ಮತ್ತೆ ‘ವಾಲಿವಧೆ’ಯ ಕೂಟವನ್ನು ಗೊತ್ತುಪಡಿಸಿದರು. ನಾನು ಆ ಉಪಾಧ್ಯಾಯರ ಮನೆಯನ್ನು ಹುಡುಕಿಕೊಂಡು ಹೋದೆ. ಅವರ ಕೂದಲು ನೆರೆಯತೊಡಗಿದೆ. ನನ್ನದು ನೆರೆದು ಮುಗಿಯುತ್ತ ಬಂದಿದೆ. ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲ ನೀರು ಕೊಟ್ಟರು. ಅಂದಿನ ರಾತ್ರಿಯ ಸಂಗತಿಯನ್ನು ನಾನೇ ಎತ್ತಿದೆ. ನನ್ನ ತಪ್ಪನ್ನು ಹೇಳಿಕೊಂಡೆ. ಅವರು ಬಹಳ ಹೊತ್ತು ಅಂಗಳವನ್ನೇ ನೋಡುತ್ತಿದ್ದರು. ‘ಆ ಉತ್ತರ ನನಗೆ ಗೊತ್ತಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿಕೊಂಡೇ ಹೋದೆ’ ಎಂದರು. ಬಳಿಕ, ‘ಈ ಸಲ ನಿಮ್ಮದು ಯಾವ ಅರ್ಥ?’ ಎಂದು ಕೇಳಿದರು.

‘ಸುಗ್ರೀವ’ ಎಂದೆ.

ಅವರು ನಕ್ಕರು. ಬರುತ್ತೇನೆಂದು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ನಾನು ಹೊರಟು ಅಂಗಳಕ್ಕೆ ಇಳಿದಾಗ ಮಾತ್ರ, ನನ್ನ ಕೈಯಲ್ಲಿದ್ದ ಪ್ರಸಂಗದ ಪುಸ್ತಕವನ್ನು ತೋರಿಸಿ, ‘ಅದನ್ನು ಇಲ್ಲಿ ಬಿಟ್ಟು ಹೋಗುವಿರಾ?’ ಎಂದರು.